ಸೀಲ್ ಹೊಸತು, ಯೋಕ್ ಹಳತು

ನಮ್ಮ ಮನೆಯ ಮಹೀಂದ್ರ ಸಿಜೆ-3ಬಿ ಜೀಪಿಗೆ ಈಗಲೂ ಕೆಎಲ್‌ಸಿ ನಂಬರ್. 1984ರಲ್ಲಿ ಕಾಸರಗೋಡು ಜಿಲ್ಲೆಯಾಗುವ ಮೊದಲು ನಾವೆಲ್ಲ ಕಣ್ಣೂರಿಗೆ ಸೇರಿದ್ದ ಕಾಲದ ಗಾಡಿ ಅದು. ಪೆರ್ಲದ ಆಚೆಯ ಗುಡ್ಡದ ಮನೆಗಳಿಗೆ ಹಿಂಡಿ ಚೀಲ, ಅಡಿಕೆ ಮೂಟೆ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತಿದೆ. ಬಾಡಿ ಮತ್ತು ಇಂಜಿನ್ ಕೆಲಸ ಮುಗಿಸಿ ಗೇರ್‌ಬಾಕ್ಸ್‌ಗೆ ಕೈಹಾಕಿದಾಗ ನನಗಿದ್ದ ದೂರು ಒಂದೇ: ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ. ಏರಿನಲ್ಲಿ ನಿಲ್ಲಿಸಿದರೆ ಚಕ್ರಕ್ಕೆ ಮುರಕಲ್ಲು ಕೊಡಲೇಬೇಕು.

ಈ ಜೀಪಿನ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಿಂಬದಿಯಲ್ಲಿ, ಹಿಂದಿನ ಚಕ್ರಗಳಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವಲ್ಲೇ ಅದರ ಡ್ರಮ್ ಇದೆ. ಅಲ್ಲಿ ಆಯಿಲ್ ಹೊರಬಾರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್, ಸೋರಿದರೆ 90 ನಂಬರ್ ಗೇರ್ ಆಯಿಲ್ ನೇರ ಡ್ರಮ್ಮಿಗೆ ಇಳಿದು ಬ್ರೇಕ್ ಲೈನಿಂಗ್ ನೆನೆಯುತ್ತದೆ. ಆ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಪುನಃ ಹಾಕುವವರಿದ್ದಾರೆ. ಒಳಗೆ ಹೀರಿಕೊಂಡದ್ದು ಡ್ರಮ್ ಬಿಸಿಯಾದಾಗ ಹೊರಬರುತ್ತದೆ, ಸುಮ್ಮನೆ ಹೊಸತು ಹಾಕಿ.

ಬಿಚ್ಚುವ ಮೊದಲು ಗಾಳಿಯ ಕಿಂಡಿ, ಅಂದರೆ ಬ್ರೀದರ್ ನೋಡಿದೆ. ನಮ್ಮಲ್ಲಿಯ ಕೆಂಪು ಧೂಳಿಗೆ ಅದು ಮುಚ್ಚಿಹೋಗಿತ್ತು. ಓಡಿ ಬಿಸಿಯಾದಾಗ ಒಳಗಿನ ಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಅದು ಆಯಿಲನ್ನು ಸೀಲಿನ ಕಡೆಗೇ ತಳ್ಳುತ್ತದೆ. ಇನ್ನೊಂದು ಮಾತು: ಆಯಿಲ್ ಇಳಿಸುವಾಗ ಮೊದಲು ತುಂಬಿಸುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದ್ದು. ಮೇಲಿನದ್ದು ತುಕ್ಕು ಹಿಡಿದು ಕೂತಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಪರದಾಡಬೇಕು.

ಪ್ರೊಪೆಲ್ಲರ್ ಶಾಫ್ಟಿಗೂ ಅದನ್ನು ಟ್ರಾನ್ಸ್‌ಫರ್ ಕೇಸಿಗೆ ಜೋಡಿಸುವ ಯೋಕಿಗೂ ಗುರುತು ಹಾಕಿ ಬಿಚ್ಚಿದೆ. ಸ್ಪ್ಲಿಟ್ ಪಿನ್, ದೊಡ್ಡ ನಟ್, ಆಮೇಲೆ ಪುಲ್ಲರ್ ಹಾಕಿ ಡ್ರಮ್ಮಿನ ಜೊತೆ ಯೋಕ್. ಹಳೆ ಸೀಲಿನ ರಬ್ಬರ್ ಪ್ಲಾಸ್ಟಿಕ್ಕಿನಷ್ಟು ಗಟ್ಟಿಯಾಗಿತ್ತು. ಅದನ್ನು ಕಿತ್ತು ಹೊಸತು ಬಡಿದು ಕೂರಿಸಲು ಹೊರಟಾಗ ಮೆಕ್ಯಾನಿಕ್ ಇಚ್ಚ ತಡೆದರು. ‘ಸೀಲ್ ಹೊಸತು ಸರಿ ಅಣ್ಣಾ, ಯೋಕ್ ಹಳತೇ ಅಲ್ಲವಾ? ಉಗುರು ಆಡಿಸಿ ನೋಡಿ.’

ಯೋಕಿನ ನುಣುಪಾದ ಕುತ್ತಿಗೆಯ ಮೇಲೆ ಸೀಲಿನ ತುಟಿ ತಿರುಗುವ ಜಾಗದಲ್ಲಿ ಒಂದು ಗೆರೆ. ಕಣ್ಣಿಗೆ ಹೊಳೆಯುವ ಉಂಗುರದಂತೆ ಕಂಡರೂ ಉಗುರು ಅಡ್ಡ ಎಳೆದರೆ ಟಕ್ಕನೆ ಸಿಕ್ಕಿಕೊಳ್ಳುತ್ತದೆ. ರಬ್ಬರ್ ಕಬ್ಬಿಣವನ್ನು ಸವೆಸಿದ್ದಾ ಅಂದರೆ ಹೌದು. ಧೂಳು ರಬ್ಬರಿನಲ್ಲಿ ಕೂತು ಎಮರಿ ಪೇಪರಿನ ಕೆಲಸ ಮಾಡುತ್ತದೆ. ಆ ಗೆರೆಯ ಮೇಲೆ ಎಂಥ ಸೀಲ್ ಕೂರಿಸಿದರೂ ಆಯಿಲ್ ಅದರ ಅಡಿಯಿಂದಲೇ ನುಸುಳುತ್ತದೆ. ಗೆರೆ ಉಗುರಿಗೆ ಸಿಗದಷ್ಟು ತೆಳುವಾಗಿದ್ದರೆ ಸಣ್ಣ ಎಮರಿ ಪೇಪರಿನಲ್ಲಿ ಸುತ್ತಲೂ ಉಜ್ಜಿದರೆ ಸಾಕು, ಉದ್ದಕ್ಕೆ ಮಾತ್ರ ಉಜ್ಜಬಾರದು. ಸ್ವಲ್ಪ ಆಳವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆಮುಂದೆ ಕೂರಿಸಿ ತುಟಿಗೆ ಹೊಸ ಜಾಗ ಕೊಡಬಹುದು. ನನ್ನದು ಅದಕ್ಕೂ ಮೀರಿತ್ತು. ಲೇತಿನವರಲ್ಲಿ ಕೊಟ್ಟು ಕುತ್ತಿಗೆಯ ಮೇಲೆ ತೆಳು ಲೋಹದ ಕವಚ, ಅಂದರೆ ಸ್ಲೀವ್ ಹಾಕಿಸಿದೆ.

ಸೀಲ್ ಕೊಳ್ಳುವಾಗ ಒಂದು ಎಚ್ಚರಿಕೆ. ಈ ಜೀಪಿನ ಅಳತೆ ಇಂಚಿನದು. ಅಂಗಡಿಯವರು ಮಿಲಿಮೀಟರ್ ಸೀಲ್ ತೋರಿಸಿ ‘ಕೂರ್ತದೆ, ಕೊಂಡೋಗಿ’ ಅಂದರೆ ಬೇಡ ಅನ್ನಿ. ಹಳೆ ಸೀಲನ್ನೂ ಯೋಕನ್ನೂ ಕೈಯಲ್ಲೇ ಹಿಡಿದುಕೊಂಡು ಹೋಗುವುದು ಒಳ್ಳೆಯದು.

ಸ್ಪ್ರಿಂಗ್ ಕಾಣುವ ಬದಿ ಒಳಗೆ, ಆಯಿಲಿನ ಕಡೆಗೆ. ತುಟಿಗೆ ಗ್ರೀಸ್ ಸವರಿ, ಹೊರ ಅಂಚಿಗೆ ಸರಿಹೊಂದುವ ಪೈಪಿನ ತುಂಡಿಟ್ಟು ಸುತ್ತಲೂ ಸಮವಾಗಿ ತಟ್ಟಿದೆ. ಯೋಕ್ ಏರಿಸುವಾಗ ಅದರ ಒಳಗಿನ ಸ್ಪ್ಲೈನಿಗೂ (ಶಾಫ್ಟಿನ ಮೇಲೆ ಕೂರುವ ಹಲ್ಲುಗಳು) ವಾಷರಿನ ಅಡಿಗೂ ಸೀಲೆಂಟ್ ಹಚ್ಚಬೇಕು. ಎಷ್ಟೋ ಜೀಪುಗಳಲ್ಲಿ ‘ಹೊಸ ಸೀಲೂ ಸೋರುತ್ತದೆ’ ಅನ್ನುವಾಗ ಆಯಿಲ್ ನಿಜವಾಗಿ ಬರುವುದು ಸ್ಪ್ಲೈನಿನ ಸಂದಿಯಿಂದ, ನಟ್ಟಿನ ಪಕ್ಕದಲ್ಲಿ.

ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ಆಯಿಲ್ ಪ್ರತ್ಯೇಕವಾಗಿ ತುಂಬಿಸಬೇಕು. ಒಂದರಲ್ಲಿ ಕಡಿಮೆಯಾಗಿ ಇನ್ನೊಂದರಲ್ಲಿ ಉಕ್ಕುತ್ತಿದ್ದರೆ ಹೊರಗಿನ ಸೀಲ್ ಬಿಡಿ, ಎರಡರ ನಡುವಿನದ್ದು ಹೋಗಿದೆ ಎಂದರ್ಥ. ಆಗ ಟ್ರಾನ್ಸ್‌ಫರ್ ಕೇಸನ್ನೇ ಇಳಿಸಬೇಕು. ಡಬ್ಬಿಯ ಮೇಲೆ ಜಿಎಲ್-4 (ಗೇರ್ ಆಯಿಲಿನ ದರ್ಜೆ) ಅಂತಿರುವ ಆಯಿಲನ್ನೇ ನೋಡಿ ತಗೊಂಡೆ. ಜಿಎಲ್-5ರಲ್ಲಿ ಹೆಚ್ಚಿಗೆ ಇರುವ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಒಳ್ಳೆಯದಲ್ಲ. ಮುಂದಿನ ಔಟ್‌ಪುಟ್ ಸೀಲಿನದ್ದೂ ಇದೇ ಕ್ರಮ, ಅಲ್ಲಿ ಡ್ರಮ್ ಇಲ್ಲದ ಕಾರಣ ಕೆಲಸ ಅರ್ಧಕ್ಕರ್ಧ ಕಡಿಮೆ.