ಔಲಿಗೆ ಕಾರಿನಲ್ಲಿ: ಚಳಿಗಾಲದ ದಾರಿ ಆರಿಸುವ ಬಗೆ

ಬೆಂಗಳೂರಿನಿಂದ ಉತ್ತರಾಖಂಡದ ಸ್ಕೀ ತಾಣ ಔಲಿಗೆ ಹೊರಡುವ ಮುನ್ನ ಮ್ಯಾಪನ್ನು ತುದಿಯಿಂದ ಹಿಂದಕ್ಕೆ ಓದಿ. ಔಲಿಯ ಬುಡದಲ್ಲಿರುವ ಊರು ಜೋಶಿಮಠ ಇರುವುದು ಸುಮಾರು 1,900 ಮೀಟರ್ ಎತ್ತರದಲ್ಲಿ, ಔಲಿಯ ಸ್ಕೀ ಇಳಿಜಾರುಗಳು 2,500ರಿಂದ 3,000 ಮೀಟರ್‌ನಲ್ಲಿ. ನಡುವಿನ ಸುಮಾರು 15 ಕಿ.ಮೀ. ಏರುದಾರಿಯೇ ಇಡೀ ಪ್ರಯಾಣದ ವೇಳಾಪಟ್ಟಿ ಬರೆಯುತ್ತದೆ. ಇವೆರಡರ ನಡುವಿನ ರೋಪ್‌ವೇ 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ನಿಂತಿತು. ಅದನ್ನು ಲೆಕ್ಕಕ್ಕೆ ಹಿಡಿಯದೆ ಯೋಜನೆ ಹಾಕಿ.

ಆ ರಸ್ತೆಗೆ ಬೆಳಿಗ್ಗೆ ಹತ್ತರ ನಂತರವೇ ಗಾಡಿ ಹತ್ತಿಸಿ. ಹಗಲು ಕರಗಿದ ಹಿಮ ರಾತ್ರಿ ಡಾಂಬರಿನ ಮೇಲೆ ಗಾಜಿನ ಪದರವಾಗಿ ಹೆಪ್ಪುಗಟ್ಟುತ್ತದೆ. ಮರದ ನೆರಳಿನ ತಿರುವುಗಳಲ್ಲಿ, ಸೇತುವೆಗಳ ಮೇಲೆ ಬಿಸಿಲೇರಿದರೂ ಬೇಗ ಬಿಡುವುದಿಲ್ಲ. ಕಣ್ಣಿಗೆ ಬರೀ ಒದ್ದೆ ರಸ್ತೆಯಂತೆ ಕಾಣುತ್ತದೆ. ಮಳೆಗಾಲದ ಶಿರಾಡಿ, ಚಾರ್ಮಾಡಿಯಲ್ಲಿ ಪಳಗಿದ ಕೈಯೂ ಇಲ್ಲಿ ಹೊಸಬರ ಕೈಯೇ.

ಹಾಗಾದರೆ ಹಿಂದಿನ ರಾತ್ರಿ ಎಲ್ಲಿ? ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ.; ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ಚಮೋಲಿ ದಾಟುವಷ್ಟರಲ್ಲಿ ಹಗಲು ಮುಗಿಯುತ್ತದೆ. ಜನವರಿಯಲ್ಲಿ ಅಲ್ಲಿ ಐದೂವರೆಗೆಲ್ಲ ಕತ್ತಲು. ಚಮೋಲಿ ದಾಟಿ ಜೋಶಿಮಠಕ್ಕೆ ಮುನ್ನ ಸಿಗುವ ಪೀಪಲ್‌ಕೋಟಿಯಲ್ಲಿ ಉಳಿಯುವುದು ವಾಸಿ: ತಗ್ಗಿನ ಊರು, ಹಿಮ ಕಡಿಮೆ, ಬೆಳಿಗ್ಗೆ ನಿಧಾನವಾಗಿ ಹೊರಟರೂ ಏರುದಾರಿಗೆ ಸರಿಯಾದ ಹೊತ್ತಿಗೆ ಸೇರಬಹುದು.

ಋಷಿಕೇಶದಿಂದ ಜೋಶಿಮಠಕ್ಕೆ ಹೋಗುವ ಹೆದ್ದಾರಿ 7ರಲ್ಲಿ ಗುಡ್ಡ ಜರಿದು ಗಾಡಿಗಳು ನಿಂತರೆ, ಮ್ಯಾಪ್ ಕೆಲವೊಮ್ಮೆ ರುದ್ರಪ್ರಯಾಗದಿಂದ ಊಖಿಮಠ, ಚೋಪ್ತಾ ಮೂಲಕ ಸುತ್ತಿಸುತ್ತದೆ. ಚಳಿಗಾಲದಲ್ಲಿ ಆ ಕಡೆ ತಿರುಗಬೇಡಿ. ಚೋಪ್ತಾ 2,600 ಮೀಟರ್‌ಗಿಂತ ಎತ್ತರದ ಕಾಡುದಾರಿ, ಹಿಮ ಬಿದ್ದರೆ ಮುಚ್ಚಿಹೋಗುತ್ತದೆ. ಸಾಲಿನಲ್ಲಿ ಮೂರು ಗಂಟೆ ಕಾಯುವುದೇ ಮೇಲು.

ಬಯಲಿನ ಭಾಗಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ದೆಹಲಿಗೇ 2,100 ಕಿ.ಮೀ.ಗೂ ಹೆಚ್ಚು, ರಜೆ ಕಡಿಮೆಯಿದ್ದರೆ ಡೆಹ್ರಾಡೂನ್‌ಗೆ ವಿಮಾನದಲ್ಲಿ ಹೋಗಿ ಅಲ್ಲೇ ಗಾಡಿ ಹಿಡಿಯಿರಿ. ಸ್ವಂತ ಕಾರಾದರೆ ಆಗ್ರಾದಿಂದ ಹರಿದ್ವಾರದವರೆಗೆ ಬೆಳಗಿನ ಮಂಜು ಕರಗಿದ ಮೇಲೆಯೇ ಓಡಿಸಿ.

ಕಾರಿನ ವಿಷಯಕ್ಕೆ ಬಂದರೆ, ನಮ್ಮೂರಲ್ಲಿ ರೇಡಿಯೇಟರಿಗೆ ನಲ್ಲಿ ನೀರು ಸುರಿದುಕೊಂಡೂ ವರ್ಷಗಟ್ಟಲೆ ಓಡಾಡಬಹುದು. ಅಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕೇ ಸೀಳಬಹುದು. ಪೂರ್ತಿ ಬಸಿದು, ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಪಾಲು ಬೆರೆಸಿ ತುಂಬಿಸಿ. ಟೈರಿನ ಗಾಳಿ ಉಷ್ಣಾಂಶ ಐದಾರು ಡಿಗ್ರಿ ಇಳಿದಾಗಲೆಲ್ಲ ಸುಮಾರು 1 ಪಿಎಸ್‌ಐ ತಗ್ಗುತ್ತದೆ. ಪೀಪಲ್‌ಕೋಟಿಯ ಬೆಳಗಿನ ಚಳಿಯಲ್ಲಿ ಅಳೆದು ಸರಿಮಾಡಿಕೊಳ್ಳಿ. ಟ್ರೆಡ್, ಅಂದರೆ ಟೈರಿನ ಗೀರುಗಳ ಆಳ, ಕಾನೂನಿಗೆ 1.6 ಮಿ.ಮೀ. ಸಾಕು, ಹಿಮಕ್ಕೆ 4 ಆದರೂ ಬೇಕು.

ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಕಟ್ಟುವ ಚೈನನ್ನು ಟೈರಿನ ಬದಿಯಲ್ಲಿರುವ ಅಳತೆ ನೋಡಿ ಕೊಂಡು, ಮನೆಯ ಪಾರ್ಕಿಂಗ್‌ನಲ್ಲೇ ಕೈಗವಸು ತೊಟ್ಟು ಒಮ್ಮೆ ಕಟ್ಟಿ ನೋಡಿ. ಎಂಜಿನ್ ತಿರುಗಿಸುವ ಚಕ್ರಗಳಿಗೇ ಅದು ಬೀಳಬೇಕು: ಸ್ವಿಫ್ಟ್, ಐ20ಗೆ ಮುಂದೆ, ಇನ್ನೋವಾ ಕ್ರಿಸ್ಟಾಗೆ ಹಿಂದೆ. ಏರು ಶುರುವಾಗುವ ಮುನ್ನ ಸಮತಟ್ಟಿನಲ್ಲಿ ಕಟ್ಟಿ, ನೂರು ಮೀಟರ್ ಓಡಿಸಿ ಮತ್ತೆ ಬಿಗಿ ಮಾಡಿ. 30 ಕಿ.ಮೀ. ವೇಗ ಮೀರಬೇಡಿ, ಬರಿ ಡಾಂಬರು ಸಿಕ್ಕೊಡನೆ ಬಿಚ್ಚಿ. ಇಲ್ಲದಿದ್ದರೆ ಕೊಂಡಿ ತುಂಡಾಗಿ ಚಕ್ರದ ಗೂಡಿಗೆ ಬಡಿಯುತ್ತದೆ. ಇಳಿಯುವಾಗ ಮೊದಲ ಅಥವಾ ಎರಡನೇ ಗೇರು, ಬ್ರೇಕು ಅಪರೂಪಕ್ಕೆ.

ಹೊಸ ಹಿಮ ಬೀಳುತ್ತಿದ್ದರೆ ಕಾರನ್ನು ಜೋಶಿಮಠದಲ್ಲೇ ಬಿಟ್ಟು ಸ್ಥಳೀಯ ಫೋರ್ ವೀಲ್ ಡ್ರೈವ್ ಗಾಡಿ ಹಿಡಿಯಿರಿ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದರೆ ಬೆಳಿಗ್ಗೆ ಹೆಪ್ಪುಗಟ್ಟಿ ಅಂಟಿಕೊಂಡಿರಬಹುದು. ಸಮತಟ್ಟು ಜಾಗ ಹುಡುಕಿ, ಮೊದಲ ಗೇರಿನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಡಿ.