ಬೆಟ್ಟದ ಫೋಟೊ ಆಮೇಲೆ ನೋಡಿ, ಮೊದಲು ಕ್ಯಾನ್ಸಲೇಶನ್ ಓದಿ

ಡಿಸೆಂಬರ್‌ನ ಒಂದು ಶನಿವಾರಕ್ಕೆ ಚಿಕ್ಕಮಗಳೂರು ಕಡೆಯ ಒಂದು ರೆಸಾರ್ಟ್‌ನಲ್ಲಿ ರೂಮ್ ಬುಕ್ ಮಾಡಿದ್ದೆ. ಆ್ಯಪ್‌ನಲ್ಲಿ 'ಎರಡು ದಿನ ಮುಂಚೆವರೆಗೆ ಫ್ರೀ ಕ್ಯಾನ್ಸಲೇಶನ್' ಅಂತ ಹಸಿರು ಅಕ್ಷರದಲ್ಲಿ ಇತ್ತು. ಅಷ್ಟು ನೋಡಿ ನೆಮ್ಮದಿಯಾಗಿದ್ದೆ. ಗುರುವಾರ ರಾತ್ರಿ ಮಗಳಿಗೆ ಜ್ವರ ಬಂತು, ಕ್ಯಾನ್ಸಲ್ ಒತ್ತಿದೆ, ಒಂದು ರಾತ್ರಿಯ ಬಾಡಿಗೆ ವಾಪಸ್ ಬರಲ್ಲ ಅಂತ ಮೆಸೇಜ್ ಬಂತು. ನೋಡಿದರೆ ಗಡುವು ಅವತ್ತು ಮಧ್ಯಾಹ್ನ 12ಕ್ಕೇ ಮುಗಿದಿತ್ತು. ಎರಡು ದಿನ ಮುಂಚೆ ಅಂದರೆ ಚೆಕ್-ಇನ್ ಸಮಯದಿಂದ 48 ಗಂಟೆ ಹಿಂದಕ್ಕೆ ಎಣಿಸುತ್ತಾರೆ ಅನ್ನೋದು ನನಗೆ ಗೊತ್ತಾಗಿದ್ದು ಹಾಗೆ. ನಿಮಗೆ ಹೀಗಾಗಬಾರದು ಅಂದರೆ ಈ ಕ್ರಮದಲ್ಲಿ ಹೋಗಿ.

ಮೊದಲು ದಿನ ಗೊತ್ತು ಮಾಡಿ. ಭಾನುವಾರ ಹೋಗಿ ಮಂಗಳವಾರ ಬರುವ ಹಾಗಿದ್ದರೆ ಬಾಡಿಗೆಯೂ ಕಡಿಮೆ, ನಿಯಮವೂ ಸಡಿಲ. ದಸರಾ, ಕ್ರಿಸ್‌ಮಸ್ ಸಮಯದಲ್ಲಿ ಎರಡು ರಾತ್ರಿ ಇರಲೇಬೇಕು, ಕ್ಯಾನ್ಸಲ್ ಮಾಡಿದರೆ ಏನೂ ವಾಪಸ್ ಇಲ್ಲ ಅನ್ನುವ ಕಡೆಗಳು ಜಾಸ್ತಿ. ಮುಳ್ಳಯ್ಯನಗಿರಿ ಹತ್ತುವ ಆಸೆ ಇದ್ದರೆ ಗಾಡಿಗೆ ಆನ್‌ಲೈನಲ್ಲಿ ಮೊದಲೇ ಸ್ಲಾಟ್ ತೆಗೆದುಕೊಳ್ಳಬೇಕು, 2025ರ ಸೆಪ್ಟೆಂಬರ್‌ನಿಂದ ಈ ವ್ಯವಸ್ಥೆ ಬಂದಿದೆ. ರೂಮ್ ಸಿಕ್ಕಿ ಸ್ಲಾಟ್ ಸಿಗದಿದ್ದರೆ ಬೆಟ್ಟವನ್ನು ಕಿಟಕಿಯಿಂದ ನೋಡಿ ಬರಬೇಕಾಗುತ್ತದೆ.

ಆಮೇಲೆ ರೇಟ್. ಮಲೆನಾಡಿನ ಹೋಮ್‌ಸ್ಟೇಗಳಲ್ಲಿ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ ಲೆಕ್ಕ, ಊಟ ಅದರಲ್ಲೇ ಸೇರಿರುತ್ತದೆ. ರೆಸಾರ್ಟ್‌ನಲ್ಲಿ ರೂಮಿಗೆ ಇಷ್ಟು. ಅಲ್ಲಿ ಇಪಿ ಅಂದರೆ ಬರೀ ರೂಮ್, ಸಿಪಿ ಅಂದರೆ ಬೆಳಗಿನ ತಿಂಡಿ ಸೇರಿ, ಎಂಎಪಿ ಅಂದರೆ ತಿಂಡಿ ಮತ್ತು ಒಂದು ಹೊತ್ತಿನ ಊಟ, ಎಪಿ ಅಂದರೆ ಮೂರು ಹೊತ್ತೂ. ತೋಟದ ಒಳಗಿನ ಜಾಗವಾದರೆ ಇಪಿ ತಗೋಬೇಡಿ, ಹಸಿವಾದಾಗ ಕತ್ತಲಲ್ಲಿ ಘಾಟಿ ರಸ್ತೆ ಇಳಿಯೋದು ಯಾರಿಗೆ ಬೇಕು? ಜಿಎಸ್‌ಟಿಯನ್ನೂ ನೋಡಿ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5, ಅದನ್ನು ದಾಟಿದರೆ ಶೇ 18. 7,400ರ ರೂಮ್ 7,770 ಆಗುತ್ತದೆ, 7,600ರ ರೂಮ್ 8,968! ಇನ್ನೂರು ರೂಪಾಯಿ ಚೌಕಾಸಿ ಮಾಡಿದರೆ ಹತ್ತಿರ ಹತ್ತಿರ ಸಾವಿರದ ಇನ್ನೂರು ಉಳಿಯುತ್ತದೆ, ಅಲ್ವಾ? ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ಫ್ರೀ, ಎಕ್ಸ್‌ಟ್ರಾ ಬೆಡ್‌ಗೆ ಎಷ್ಟು, ಡ್ರೈವರ್ ಮಲಗಲು ಜಾಗ ಇದೆಯಾ ಅಂತಲೂ ಆಗಲೇ ಕೇಳಿಬಿಡಿ.

ಈಗ ಮುಖ್ಯ ವಿಷಯ, ಕ್ಯಾನ್ಸಲೇಶನ್. ಒಂದೇ ರೂಮಿಗೆ ಎರಡು ರೇಟ್ ಕಾಣಿಸುತ್ತದೆ. ಕಡಿಮೆ ಇರುವುದು ಸಾಮಾನ್ಯವಾಗಿ ನಾನ್-ರಿಫಂಡಬಲ್, ಅಂದರೆ ಜ್ವರ ಬಂದರೂ ಗುಡ್ಡ ಕುಸಿದರೂ ದುಡ್ಡು ಅವರದೇ. ನಾನಂತೂ ಬೆಟ್ಟದ ಕಡೆ ಹೋಗುವಾಗ ಅದನ್ನು ಮುಟ್ಟಲ್ಲ. ಗಡುವಿನ ದಿನವನ್ನಷ್ಟೇ ಅಲ್ಲ, ಗಂಟೆಯನ್ನೂ ಬರೆದುಕೊಂಡು ಅದಕ್ಕಿಂತ ಆರು ಗಂಟೆ ಮುಂಚೆ ಫೋನಲ್ಲಿ ಅಲಾರಂ ಇಡಿ. ಎಲ್ಲಿ ಬುಕ್ ಮಾಡಿದಿರೋ ಅಲ್ಲೇ ಕ್ಯಾನ್ಸಲ್ ಮಾಡಿ. ಆ್ಯಪ್‌ನಲ್ಲಿ ಬುಕ್ ಮಾಡಿ ರೆಸಾರ್ಟ್‌ಗೆ ಫೋನಲ್ಲಿ 'ಬರಲ್ಲ' ಅಂದರೆ ಅದು ಲೆಕ್ಕಕ್ಕೆ ಬರಲ್ಲ, ನೋ-ಶೋ, ಅಂದರೆ ಬುಕ್ ಮಾಡಿ ಬರಲೇ ಇಲ್ಲ ಅಂತ ಹಾಕಿಬಿಡುತ್ತಾರೆ. ದಾರಿಯಲ್ಲಿ ತಡವಾದರೂ ಅಷ್ಟೇ, ರಾತ್ರಿ ಹತ್ತಾಗಬಹುದು ಅನಿಸಿದರೆ ಮೊದಲೇ ಹೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಇನ್ನೊಂದು ಪ್ರಶ್ನೆ ಕೇಳಲೇಬೇಕು. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆಗೋದು ಹೊಸದಲ್ಲ, 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆಗಿದ್ದಂತೂ ಎಲ್ಲರಿಗೂ ನೆನಪಿದೆ. 'ರಸ್ತೆ ಬಂದ್ ಆದರೆ ಅಥವಾ ಜಿಲ್ಲಾಧಿಕಾರಿ ಪ್ರವಾಸಿಗರು ಬರಬಾರದು ಅಂದರೆ ದುಡ್ಡು ವಾಪಸ್ಸಾ, ದಿನ ಬದಲಾವಣೆಯಾ?' ಅಂತ ವಾಟ್ಸ್ಆ್ಯಪ್‌ನಲ್ಲಿ ಕೇಳಿ. ಫೋನಲ್ಲಿ 'ನೋಡೋಣ ಬನ್ನಿ ಸಾರ್' ಅನ್ನುವವರೂ ಬರೆಯುವಾಗ ಸ್ಪಷ್ಟವಾಗಿ ಬರೆಯುತ್ತಾರೆ.

ಅಡ್ವಾನ್ಸ್ ಹಾಕುವ ಮುಂಚೆ ನಂಬರ್ ನಿಜವಾ ಅಂತ ನೋಡಿ. ರೆಸಾರ್ಟ್ ಹೆಸರಲ್ಲಿ ನಕಲಿ ವೆಬ್‌ಸೈಟ್ ಮಾಡಿ, ಯುಪಿಐಗೆ ಪೂರ್ತಿ ದುಡ್ಡು ಹಾಕಿಸಿಕೊಂಡು ಮಾಯವಾಗುವವರಿದ್ದಾರೆ. ಮ್ಯಾಪ್‌ನಲ್ಲಿರುವ ನಂಬರ್ ಒಂದನ್ನೇ ನಂಬಬೇಡಿ. ಮೋಸ ಹೋದಿರಿ ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮುಳ್ಳಯ್ಯನಗಿರಿಯ ಎತ್ತರವೂ 1930 ಮೀಟರೇ, ಹಾಗಾಗಿ ಮರೆಯಲ್ಲ.

ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಸುಮ್ನೆ ಸೇರಿಸಿದ್ದರೆ ತೆಗೆಸಿ. ಕೇಳದೇ ಸೇರಿಸುವಂತಿಲ್ಲ ಅಂತ 2022ರಲ್ಲೇ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ವಾಪಸ್ ಕೊಡಬೇಕಾದ ದುಡ್ಡು ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ರೆಸಾರ್ಟ್ ಇರುವ ಊರಿಗೆ ಓಡಾಡಬೇಕಿಲ್ಲ. ಸ್ಕ್ರೀನ್‌ಶಾಟ್‌ಗಳನ್ನು ಇಟ್ಟುಕೊಂಡಿದ್ದರೆ ಆಗ ಕೆಲಸಕ್ಕೆ ಬರುತ್ತವೆ.

ನನ್ನ ವಿಷಯದಲ್ಲಿ ತಪ್ಪು ನನ್ನದೇ ಆಗಿದ್ದರಿಂದ ದೂರು ಕೊಡುವ ಹಾಗಿರಲಿಲ್ಲ. ಮ್ಯಾನೇಜರ್‌ಗೆ ಎರಡು ಸಲ ಫೋನ್ ಮಾಡಿ, ಮಗಳ ಜ್ವರದ ಕಥೆ ಹೇಳಿ, ದುಡ್ಡು ಬೇಡ ದಿನ ಬದಲಾಯಿಸಿಕೊಡಿ ಅಂದೆ. ಮಾರ್ಚ್ ಒಳಗೆ, ವಾರದ ದಿನ ಮಾತ್ರ ಅಂದರು. ಮಾರ್ಚ್ ಕೊನೆಗೆ ಒಂದು ಮಂಗಳವಾರ ಹೋದೆವು. ಹಿಂದಿನ ವಾರ ಮಳೆ ಬಿದ್ದಿತ್ತು, ತೋಟದ ತುಂಬ ಕಾಫಿ ಹೂ.