ಸೂಟ್‌ಕೇಸ್‌ಗಿಂತ ಮೊದಲು ಫೋನ್ ಸಜ್ಜಾಗಲಿ

ವಿದೇಶದಲ್ಲಿ ವಿಮಾನದಿಂದ ಇಳಿದ ಮೇಲೆ ಇ-ಸಿಮ್ (ಕಾರ್ಡ್ ಇಲ್ಲದೆ, ಕೋಡ್ ಮೂಲಕ ಫೋನ್‌ಗೆ ಸೇರುವ ಸಿಮ್) ಹಾಕಿಕೊಂಡರಾಯಿತು ಎಂದುಕೊಂಡಿದ್ದೆ. ಹಣ ಕಟ್ಟಿಯಾಗಿತ್ತು, ಕ್ಯೂಆರ್ ಕೋಡ್ ಇ-ಮೇಲ್‌ಗೆ ಬಂದಾಗಿತ್ತು. ಇಳಿದು ನೋಡಿದರೆ, ಇ-ಮೇಲ್ ತೆರೆಯಲು ಇಂಟರ್‌ನೆಟ್ ಬೇಕು. ಇಂಟರ್‌ನೆಟ್ ಬರಬೇಕಾದರೆ ಆ ಇ-ಮೇಲ್‌ನಲ್ಲಿರುವ ಕೋಡ್ ಬೇಕು. ನಿಲ್ದಾಣದಲ್ಲಿ ಉಚಿತ ವೈ-ಫೈ ಇತ್ತು, ಆದರೆ ಅದು ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಕೇಳುತ್ತಿತ್ತು. ನನ್ನ ಸಿಮ್‌ಗೆ ರೋಮಿಂಗ್ ಹಾಕಿಸಿರಲಿಲ್ಲ, ಹಾಗಾಗಿ ಎಸ್‌ಎಂಎಸ್ ಬರುವ ಹಾಗೂ ಇರಲಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಅರ್ಥ ಪೂರ್ತಿ ತಿಳಿದದ್ದು ಅಲ್ಲಿಯೇ. ಕಡೆಗೆ ಸಹಪ್ರಯಾಣಿಕರೊಬ್ಬರು ಹಾಟ್‌ಸ್ಪಾಟ್ ಕೊಟ್ಟು ಪಾರು ಮಾಡಿದರು.

ಫೋನಿನ ಕೆಲಸ ಮುಗಿಯಬೇಕಾದದ್ದು ಹೊರಡುವ ಎರಡು ದಿನ ಮೊದಲು, ಮನೆಯ ವೈ-ಫೈ ಇರುವಾಗ ಎಂಬುದು ಅಂದಿನಿಂದ ನನ್ನ ನಿಯಮ. ಯಾವ ಕ್ರಮದಲ್ಲಿ ಮಾಡಬೇಕು ಎಂಬುದು ಇಲ್ಲಿದೆ.

ಹಂತ 1: ಫೋನ್‌ಗೆ ಆ ದೇಶದಲ್ಲಿ ಕೆಲಸ ಮಾಡುವ ಯೋಗ್ಯತೆ ಇದೆಯೇ?

ಕಂತಿನಲ್ಲಿ ಅಥವಾ ಮೊಬೈಲ್ ಕಂಪನಿಯ ಒಪ್ಪಂದದ ಮೇಲೆ ಕೊಂಡ ಫೋನ್ ಒಂದೇ ಕಂಪನಿಯ ಜಾಲಕ್ಕೆ ಲಾಕ್ ಆಗಿರಬಹುದು. ಪರೀಕ್ಷೆ ಸುಲಭ: ಬೇರೆ ಕಂಪನಿಯ ಸಿಮ್ ಒಂದನ್ನು ಹಾಕಿ ನೋಡಿ. ಸಿಗ್ನಲ್ ಬಂದರೆ ಬೀಗವಿಲ್ಲ. ನಂತರ *#06# ಒತ್ತಿ. ಪರದೆಯ ಮೇಲೆ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆಯ ಜೊತೆಗೆ ಇಐಡಿ ಎಂಬ ಉದ್ದನೆಯ ಸಂಖ್ಯೆಯೂ ಕಂಡರೆ ನಿಮ್ಮ ಫೋನ್ ಇ-ಸಿಮ್ ಒಪ್ಪುತ್ತದೆ ಎಂದರ್ಥ. ಐಎಂಇಐಯನ್ನು ಅಲ್ಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳೆಯ ಫೋನ್ ಇಟ್ಟುಕೊಂಡವರು ಇನ್ನೊಂದನ್ನೂ ನೋಡಬೇಕು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ, ಆಸ್ಟ್ರೇಲಿಯಾದ ಕಂಪನಿಗಳು 2024ರ ಕೊನೆಯ ಹೊತ್ತಿಗೆ 3ಜಿ ಜಾಲವನ್ನು ಮುಚ್ಚಿವೆ. ಅಂಥ ಕಡೆ ಕರೆಗಳು 4ಜಿ ಮೇಲೆಯೇ, ಅಂದರೆ ವೋಲ್ಟಿ ಮೂಲಕ ಹೋಗಬೇಕು. ಆ ಸೌಲಭ್ಯವಿಲ್ಲದ ಫೋನ್‌ನಲ್ಲಿ ಇಂಟರ್‌ನೆಟ್ ಬಂದರೂ ಕರೆ ಹೋಗದಿರಬಹುದು.

ಹಂತ 2: ರೋಮಿಂಗ್, ಇ-ಸಿಮ್, ಸ್ಥಳೀಯ ಸಿಮ್ – ಯಾವುದು?

ನಾಲ್ಕೈದು ದಿನದ ಪ್ರವಾಸಕ್ಕೆ ನಿಮ್ಮ ಕಂಪನಿಯದೇ ರೋಮಿಂಗ್ ಪ್ಯಾಕ್ ಸಾಕು. ಸ್ವಲ್ಪ ದುಬಾರಿಯಾದರೂ ತಲೆನೋವಿಲ್ಲ. ತಿಂಗಳುಗಟ್ಟಲೆ ಇರುವವರಿಗೆ ಸ್ಥಳೀಯ ಸಿಮ್ಮೇ ಲೇಸು. ಬಹಳ ದೇಶಗಳಲ್ಲಿ ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕು. ಈ ಎರಡರ ನಡುವಿನವರಿಗೆ ಪ್ರವಾಸಿ ಇ-ಸಿಮ್ ಒಳ್ಳೆಯದು. ಆದರೆ ಅದನ್ನು ಕೊಳ್ಳುವಾಗ ಎರಡು ಸಾಲುಗಳನ್ನು ಮಾತ್ರ ಕಣ್ಣರಳಿಸಿ ಓದಿ. ಒಂದು, ಅದು ಡೇಟಾ ಮಾತ್ರವೇ, ಕರೆಗೆ ನಂಬರೂ ಉಂಟೇ? ಬಹುಪಾಲು ಡೇಟಾ ಮಾತ್ರ. ಎರಡು, ದಿನಗಳ ಲೆಕ್ಕ ಶುರುವಾಗುವುದು ಫೋನ್‌ಗೆ ಸೇರಿಸಿದ ಕ್ಷಣದಿಂದಲೋ, ಆ ದೇಶದ ಜಾಲ ಸಿಕ್ಕ ಕ್ಷಣದಿಂದಲೋ? ಎರಡನೆಯದಾದರೆ ಮನೆಯಲ್ಲೇ ಹಾಕಿಕೊಂಡುಬಿಡಿ. ಕ್ಯೂಆರ್ ಕೋಡನ್ನು ಬೇರೆ ಪರದೆಯಲ್ಲಿ ತೆರೆದು ಅಥವಾ ಮುದ್ರಿಸಿಕೊಂಡು ಸ್ಕ್ಯಾನ್ ಮಾಡಿ. ತನ್ನ ಪರದೆಯನ್ನು ತಾನೇ ನೋಡಲು ಯಾವ ಕ್ಯಾಮೆರಾಗೂ ಆಗುವುದಿಲ್ಲ.

ಯುರೋಪಿನಲ್ಲಿ ದೇಶದಿಂದ ದೇಶಕ್ಕೆ ಹೋಗುವವರಿಗೆ ಒಂದು ಅನುಕೂಲವಿದೆ. 2017ರ ಜೂನ್ 15ರಿಂದ ಯುರೋಪಿಯನ್ ಒಕ್ಕೂಟದ ಯಾವುದೇ ದೇಶದ ಸಿಮ್ ಒಕ್ಕೂಟದ ಉಳಿದ ದೇಶಗಳಲ್ಲೂ, ನ್ಯಾಯಯುತ ಬಳಕೆಯ ಮಿತಿಯೊಳಗೆ, ತವರಿನ ದರದಲ್ಲೇ ಕೆಲಸ ಮಾಡುತ್ತದೆ. ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಇದರಲ್ಲಿ ಸೇರಿವೆ. ಸ್ವಿಟ್ಜರ್ಲೆಂಡ್ ಸೇರಿಲ್ಲ. ಜರ್ಮನಿಯಿಂದ ಇಟಲಿಗೆ ಸ್ವಿಸ್ ಪರ್ವತಗಳ ಮೂಲಕ ಹೋಗುವ ರೈಲಿನಲ್ಲಿ ಕಿಟಕಿಯ ಹೊರಗಿನ ಚಂದ ನೋಡುತ್ತಾ ಕೂತವರಿಗೆ ಗಡಿ ದಾಟಿದ್ದು ಗೊತ್ತಾಗುವುದಿಲ್ಲ, ಬಿಲ್ಲಿಗೆ ಗೊತ್ತಾಗುತ್ತದೆ.

ಹಂತ 3: ಎರಡು ಸಿಮ್‌ಗಳಿಗೆ ಕೆಲಸ ಹಂಚಿ

ಜನ ಹೆಚ್ಚು ಎಡವುವುದು ಇಲ್ಲಿ. ಹೊಸ ಸಿಮ್ ಬಂತೆಂದು ಹಳೆಯದನ್ನು ತೆಗೆದು ಪರ್ಸ್‌ನಲ್ಲಿಡುತ್ತಾರೆ. ಮರುದಿನ ಕಾರ್ಡ್‌ನಲ್ಲಿ ಹಣ ಕೊಡಲು ಹೋದರೆ ಬ್ಯಾಂಕಿನ ಒಟಿಪಿ ಪರ್ಸ್‌ನೊಳಗೆ ಮಲಗಿರುವ ಆ ಸಿಮ್‌ಗೆ ಹೋಗಿರುತ್ತದೆ. ಆದ್ದರಿಂದ ತವರಿನ ಸಿಮ್ ಫೋನ್‌ನಲ್ಲೇ ಇರಲಿ, ಎಸ್‌ಎಂಎಸ್ ಪಡೆಯುವಷ್ಟು ರೋಮಿಂಗ್ ಅದಕ್ಕಿರಲಿ, ಒಳಬರುವ ಎಸ್‌ಎಂಎಸ್‌ಗೆ ಶುಲ್ಕವಿದೆಯೇ ಎಂದು ಕಂಪನಿಯನ್ನು ಮೊದಲೇ ಕೇಳಿಕೊಳ್ಳಿ. ಅದರ ಡೇಟಾ ರೋಮಿಂಗ್ ಮಾತ್ರ ಬಂದ್ ಆಗಿರಬೇಕು.

ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾಗೆ ಹೊಸ ಸಿಮ್ ಆರಿಸಿ. ಇಲ್ಲೊಂದು ಗೊಂದಲ ಕಾದಿರುತ್ತದೆ. 'ಡೇಟಾ ರೋಮಿಂಗ್' ಎಂಬ ಪದ ಕಂಡರೆ ಸಾಕು, ಹೆದರಿ ಎರಡೂ ಸಿಮ್‌ಗಳಲ್ಲಿ ಅದನ್ನು ಆಫ್ ಮಾಡುವವರಿದ್ದಾರೆ. ಪ್ರವಾಸಿ ಇ-ಸಿಮ್ ಮೂಲತಃ ಮೂರನೆಯ ಯಾವುದೋ ದೇಶದ ಕಂಪನಿಯದಾಗಿರುವುದೇ ಹೆಚ್ಚು. ನೀವು ಇಳಿದ ದೇಶದಲ್ಲಿ ಅದೂ ಅತಿಥಿಯೇ. ಹಾಗಾಗಿ ಹೊಸದರಲ್ಲಿ ಡೇಟಾ ರೋಮಿಂಗ್ ಆನ್ ಇರಬೇಕು, ಹಳೆಯದರಲ್ಲಿ ಆಫ್. ಒಂದರ ಸಿಗ್ನಲ್ ಕುಗ್ಗಿದಾಗ ತಾನಾಗಿಯೇ ಇನ್ನೊಂದರ ಡೇಟಾಗೆ ಜಿಗಿಯುವ ಆಯ್ಕೆಯೊಂದು ಕೆಲವು ಫೋನ್‌ಗಳಲ್ಲಿರುತ್ತದೆ. ಮನೆಯಲ್ಲಿ ಅದು ಉಪಕಾರಿ, ವಿದೇಶದಲ್ಲಿ ಜೇಬುಗಳ್ಳ. ಮುಚ್ಚಿಬಿಡಿ.

ಸಿಮ್ ಬದಲಾದುದನ್ನು ಕಂಡು ವಾಟ್ಸ್‌ಆ್ಯಪ್ ನಂಬರ್ ಬದಲಿಸಬೇಕೇ ಎಂದು ಕೇಳಬಹುದು. ಬೇಡ ಎನ್ನಿ. ಖಾತೆ ಹಳೆಯ ನಂಬರಿನಲ್ಲೇ, ಹೊಸ ಡೇಟಾದ ಮೇಲೆ ನಡೆಯುತ್ತದೆ.

ವಾಯ್ಸ್‌ಮೇಲ್ (ಎತ್ತದ ಕರೆಯ ಸಂದೇಶವನ್ನು ದಾಖಲಿಸಿಡುವ ಸೇವೆ) ಇಟ್ಟುಕೊಂಡವರಿಗೆ ಇನ್ನೊಂದು ಮಾತು. ನೀವು ಎತ್ತದ ಕರೆ ವಿದೇಶಕ್ಕೆ ಬಂದು, ಅಲ್ಲಿಂದ ತಿರುಗಿ ತವರಿನ ವಾಯ್ಸ್‌ಮೇಲ್‌ಗೆ ಹೋಗುತ್ತದೆ. ಹೋಗಿ ಬಂದ ಎರಡೂ ದಾರಿಗೆ ಸುಂಕ ಬೀಳಬಹುದು. ಹೊರಡುವ ಮೊದಲು ##002# ಒತ್ತಿ ಕರೆ ಮಾಡಿದರೆ ಹೆಚ್ಚಿನ ಜಾಲಗಳಲ್ಲಿ ಹೀಗೆ ಕರೆಯನ್ನು ಬೇರೆಡೆ ತಿರುಗಿಸುವ ಎಲ್ಲ ಕಾಲ್ ಫಾರ್ವರ್ಡಿಂಗ್ ರದ್ದಾಗುತ್ತದೆ.

ಹಂತ 4: ಇಂಟರ್‌ನೆಟ್ ಇಲ್ಲದ ಹೊತ್ತಿಗೆ ಬುತ್ತಿ

ಜಿಪಿಎಸ್‌ಗೆ ಇಂಟರ್‌ನೆಟ್ ಬೇಡ. ಅದು ಉಪಗ್ರಹದ ಸಂಕೇತ ಹಿಡಿದೇ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ. ಇಂಟರ್‌ನೆಟ್ ಬೇಕಿರುವುದು ನಕ್ಷೆಗೆ. ಆದ್ದರಿಂದ ಹೋಗುವ ಊರಿನ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡರೆ ನೀಲಿ ಚುಕ್ಕಿ ಸಿಗ್ನಲ್ ಇಲ್ಲದ ಓಣಿಯಲ್ಲೂ ನಿಮ್ಮೊಂದಿಗೆ ನಡೆಯುತ್ತದೆ. ಅನುವಾದದ ಆ್ಯಪ್‌ನಲ್ಲೂ ಆ ದೇಶದ ಭಾಷೆಯನ್ನು ಇಳಿಸಿಡಿ. ಉಳಿಯುವ ಹೋಟೆಲಿನ ವಿಳಾಸ ಆ ನಾಡಿನ ಲಿಪಿಯಲ್ಲೇ ಇರುವ ಒಂದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಟ್ಯಾಕ್ಸಿ ಚಾಲಕರಿಗೆ ಹತ್ತು ನಿಮಿಷ ಕೈಸನ್ನೆ ಮಾಡುವ ಬದಲು ಅದನ್ನು ತೋರಿಸಿದರೆ ಆಯಿತು.

ಎಲ್ಲ ದೇಶದಲ್ಲೂ ಎಲ್ಲ ಆ್ಯಪ್ ನಡೆಯುವುದಿಲ್ಲ ಎಂಬುದೂ ನೆನಪಿರಲಿ. ಚೀನಾದಲ್ಲಿ ಗೂಗಲ್, ವಾಟ್ಸ್‌ಆ್ಯಪ್‌ಗಳಿಗೆ ತಡೆಯಿದೆ. ಆದರೆ ತವರಿನ ಸಿಮ್‌ನಲ್ಲಿ ರೋಮಿಂಗ್ ಮಾಡುವವರ ಡೇಟಾ ಸಾಮಾನ್ಯವಾಗಿ ತವರಿನ ಕಂಪನಿಯ ಮೂಲಕವೇ ಸುತ್ತಿ ಬರುವುದರಿಂದ, ಹೋಟೆಲಿನ ವೈ-ಫೈನಲ್ಲಿ ತೆರೆಯದ ಆ್ಯಪ್ ಮೊಬೈಲ್ ಡೇಟಾದಲ್ಲಿ ತೆರೆಯುವುದುಂಟು. ದಕ್ಷಿಣ ಕೊರಿಯಾದಲ್ಲಿ ದಾರಿ ಹುಡುಕಲು ಅಲ್ಲಿನವರು ಬಳಸುವುದು ನೇವರ್ ಮ್ಯಾಪ್, ಕಾಕಾವೊ ಮ್ಯಾಪ್.

ಹಂತ 5: ನಂಬರ್‌ಗಳಿಗೆ + ಹಾಕಿ

ಮನೆಯವರ, ಬ್ಯಾಂಕಿನ, ವಿಮೆ ಕಂಪನಿಯ ನಂಬರ್‌ಗಳನ್ನು ಪ್ಲಸ್ ಚಿಹ್ನೆ ಮತ್ತು ದೇಶದ ಸಂಖ್ಯೆ ಸೇರಿಸಿ ಉಳಿಸಿಕೊಳ್ಳಿ. ಸೊನ್ನೆಯನ್ನು ಒತ್ತಿ ಹಿಡಿದರೆ ಪ್ಲಸ್ ಬರುತ್ತದೆ. ಸಾಮಾನ್ಯವಾಗಿ ದೇಶದ ಸಂಖ್ಯೆಯ ನಂತರ ಆರಂಭದ ಸೊನ್ನೆ ಬಿಡಬೇಕು. ಆದರೆ ಇಟಲಿಯ ಸ್ಥಿರ ದೂರವಾಣಿಗಳಲ್ಲಿ ಆ ಸೊನ್ನೆ ಉಳಿಯಬೇಕು, ಬಿಟ್ಟರೆ ಕರೆ ಹೋಗದು! ತುರ್ತು ಕರೆಗೆ ಮೊಬೈಲ್‌ನಿಂದ 112 ಬಹುತೇಕ ಎಲ್ಲ ಕಡೆ ಸಾಗುತ್ತದೆ.

ಹಂತ 6: ಚಾರ್ಜರ್ ಮತ್ತು ಪವರ್ ಬ್ಯಾಂಕ್

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ನಿಷಿದ್ಧ. ಸಾಮಾನ್ಯ ಮಿತಿ 100 ವ್ಯಾಟ್-ಅವರ್. ಮೇಲೆ ಬರೆದಿರುವ ಎಂಎಎಚ್ ಸಂಖ್ಯೆಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ: 20,000 ಎಂಎಎಚ್ ಎಂದರೆ 74. ಚಾರ್ಜರ್ ಮೇಲೆ 100–240 ವೋಲ್ಟ್ ಎಂದಿದ್ದರೆ ಯಾವ ದೇಶದ ವಿದ್ಯುತ್ತಾದರೂ ಸರಿ, ಪ್ಲಗ್ ಹೊಂದಿಸುವ ಅಡಾಪ್ಟರ್ ಸಾಕು. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ.

ಹಂತ 7: ಇಳಿದ ಮೇಲೆ

ಏರೋಪ್ಲೇನ್ ಮೋಡ್ ತೆಗೆದು ಮೂರ್ನಾಲ್ಕು ನಿಮಿಷ ಕಾಯಿರಿ. ಸಿಗ್ನಲ್ ಬಾರದಿದ್ದರೆ ಫೋನ್ ಒಮ್ಮೆ ಆರಿಸಿ ಹಚ್ಚಿ. ಆಗಲೂ ಬಾರದಿದ್ದರೆ ನೆಟ್‌ವರ್ಕ್ ಆಯ್ಕೆಯಲ್ಲಿ 'ಸ್ವಯಂಚಾಲಿತ' ತೆಗೆದು ಪಟ್ಟಿಯಲ್ಲಿರುವ ಇನ್ನೊಂದು ಕಂಪನಿಯನ್ನು ಆರಿಸಿ. ಸಿಗ್ನಲ್ ಇದ್ದೂ ಇಂಟರ್‌ನೆಟ್ ಬಾರದಿದ್ದರೆ ದೋಷ ಎಪಿಎನ್‌ನಲ್ಲಿ, ಅಂದರೆ ಫೋನನ್ನು ಇಂಟರ್‌ನೆಟ್‌ಗೆ ಜೋಡಿಸುವ ಸೆಟ್ಟಿಂಗ್‌ನಲ್ಲಿರುವ ಸಂಭವ ಹೆಚ್ಚು. ಸಿಮ್ ಕೊಟ್ಟವರ ಸೂಚನೆಯಲ್ಲಿರುವ ಹೆಸರನ್ನು ಅಕ್ಷರ ತಪ್ಪದೆ ತುಂಬಿ. ಫೋಟೊ ಬ್ಯಾಕಪ್ ಮತ್ತು ಆ್ಯಪ್ ಅಪ್‌ಡೇಟ್ ವೈ-ಫೈನಲ್ಲಿ ಮಾತ್ರ ಎಂದು ಗುರುತು ಹಾಕಿ. ಹಡಗಿನಲ್ಲಿ ಹೋಗುವವರು ಸಮುದ್ರಕ್ಕಿಳಿದ ಕೂಡಲೇ ಏರೋಪ್ಲೇನ್ ಮೋಡ್‌ಗೆ ಮರಳಬೇಕು. ಹಡಗುಗಳಲ್ಲಿ ಉಪಗ್ರಹದ ಮೂಲಕ ನಡೆಯುವ ಪ್ರತ್ಯೇಕ ಮೊಬೈಲ್ ಜಾಲವಿರುತ್ತದೆ, ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳು ಅದಕ್ಕೆ ಅನ್ವಯಿಸುವುದು ಅಪರೂಪ.

ಹಂತ 8: ಕಳೆದರೆ?

ಫೋನ್ ಕಳೆದಾಗ ಅದರೊಂದಿಗೆ ಒಟಿಪಿ, ಟಿಕೆಟ್, ನಕ್ಷೆ, ಮನೆಯವರ ನಂಬರ್ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಕಳ್ಳ ಸಿಮ್ ತೆಗೆದು ಬೇರೆ ಫೋನ್‌ಗೆ ಹಾಕಿ ನಿಮ್ಮ ಒಟಿಪಿ ಪಡೆಯದಂತೆ ಸಿಮ್‌ಗೂ ಪಿನ್ ಇಡಿ. ಮೊದಲು ಈಗಿರುವ ಪಿನ್ ಯಾವುದೆಂದು ಕಂಪನಿಯಿಂದ ತಿಳಿದುಕೊಳ್ಳಿ, ಮೂರು ಸಲ ತಪ್ಪಿದರೆ ಸಿಮ್ ಬಂದ್ ಆಗುತ್ತದೆ. ಇ-ಮೇಲ್ ಖಾತೆಯ ಬ್ಯಾಕಪ್ ಕೋಡ್‌ಗಳು (ಒಟಿಪಿಯ ಬದಲು ಬಳಸುವಂಥವು), ಬ್ಯಾಂಕಿನ ಕಾರ್ಡ್ ತಡೆಹಿಡಿಸುವ ನಂಬರ್, ಮನೆಯ ಒಬ್ಬರ ನಂಬರ್ ಇವನ್ನೆಲ್ಲ ಮೊದಲ ಹಂತದಲ್ಲಿ ಐಎಂಇಐ ಬರೆದ ಚೀಟಿಗೆ ಸೇರಿಸಿ. ಜೊತೆಗೆ ಬಂದವರ ಚೀಲದಲ್ಲಿ ಅದರ ಪ್ರತಿಯೊಂದಿರಲಿ. ನನ್ನ ಗೆಳೆಯರೊಬ್ಬರು ಇದಿಷ್ಟನ್ನೂ ಚಾಚೂ ತಪ್ಪದೆ ಮಾಡಿ, ಚೀಟಿಯನ್ನು ಜೋಪಾನವಾಗಿ ಮಡಚಿ ಫೋನಿನ ಕವರ್‌ನೊಳಗೆ ಇಟ್ಟಿದ್ದರು.